ಅಂಚಿಲ್ಲದ ಪುಟ

(ತಿಪಟೂರಿನ ಒಂದು ಸಣ್ಣ ಮುದ್ರಣಾಲಯ. ಮಾವ ಅದರ ಮಾಲೀಕರು. ಅಚ್ಚುಮೊಳೆ ಜೋಡಿಸುವ ಕಾಲದಲ್ಲಿ ಕೆಲಸ ಕಲಿತು ಈಗ ಕಂಪ್ಯೂಟರಿಗೆ ಬಂದವರು. ಹುಡುಗಿ ಅವರ ಅಕ್ಕನ ಮಗಳು, ಬಿಸಿಎ ಕೊನೆಯ ವರ್ಷ. ಲಗ್ನದ ಸೀಸನ್ ಮುಗಿದು ಕೈಯಲ್ಲಿ ಹೆಚ್ಚು ಕೆಲಸವಿಲ್ಲದ ಮಧ್ಯಾಹ್ನ.)

ಮಾವ: ಕಂಪ್ಯೂಟರ್ ಓದ್ತೀನಿ ಅಂತೀಯ, ಸ್ಕೇಲು ಪೆನ್ಸಿಲು ಹಿಡಿದು ಕೂತಿದ್ದೀಯಲ್ಲ?

ಹುಡುಗಿ: ಲ್ಯಾಬ್ ರೆಕಾರ್ಡ್ ಮಾವ. ಬಲಗಡೆ ಗೆರೆ ಹಾಳೆಯಲ್ಲಿ ಪ್ರೋಗ್ರಾಮ್, ಎಡಗಡೆ ಖಾಲಿ ಹಾಳೆಯಲ್ಲಿ ಔಟ್‌ಪುಟ್. ಬ್ರೌಸರಿನಲ್ಲಿ ಪುಟ ಹೇಗೆ ಕಾಣುತ್ತೋ ಹಾಗೇ ಚಿತ್ರ ಬರೀಬೇಕು. ನಾಳೆ ಸಹಿ ಆಗದಿದ್ದರೆ ಇಂಟರ್ನಲ್ಸ್‌ಗೆ ಕತ್ತರಿ.

ಮಾವ: ಇಲ್ಲೊಂದು ಬಾಣ ಇದೆಯಲ್ಲ, ಬಲದಿಂದ ಎಡಕ್ಕೆ?

ಹುಡುಗಿ: ಅದು ಮಾರ್ಕೀ ಟ್ಯಾಗ್. ‘ಸುಸ್ವಾಗತ’ ಅಂತ ಅಕ್ಷರ ಓಡ್ತಾ ಹೋಗುತ್ತೆ. ಓಟವನ್ನು ಪೆನ್ಸಿಲಿನಲ್ಲಿ ಹೇಗೆ ಬರೆಯೋದು? ಅದಕ್ಕೇ ಬಾಣ. ಆ ಟ್ಯಾಗನ್ನು ಬಳಸಕೂಡದು ಅಂತ 2014ರಲ್ಲಿ ಬಂದ ಎಚ್‌ಟಿಎಂಎಲ್5 ಮಾನದಂಡದಲ್ಲೇ ಬರೆದಿದೆ. ಫ್ರೇಮ್‌ಸೆಟ್, ಫಾಂಟ್, ಸೆಂಟರ್ ಟ್ಯಾಗುಗಳೂ ಹಾಗೇ, ಎಲ್ಲಕ್ಕೂ ಕಾಲ ಮುಗಿದಿದೆ. ನಾವು ಮಾತ್ರ ಒಂದೂ ಬಿಡದೆ ಬರೆದು ಸಹಿ ಮಾಡಿಸ್ತೀವಿ.

ಮಾವ: ಮೇಷ್ಟ್ರನ್ನು ಬೈಬೇಡ. ಸಿಲಬಸ್ ಅವರು ಮಾಡಿದ್ದಲ್ಲ. ಇನ್ನೊಂದು ಮಾತು: ನಾನು ಪ್ರೆಸ್ಸಿಗೆ ಸೇರಿದಾಗ ಮೊದಲು ಕೊಟ್ಟ ಕೆಲಸ ಕಂಪೋಸಿಂಗ್ ಅಲ್ಲ. ಅಚ್ಚಾದ ಫಾರಂ ಬಿಚ್ಚಿ, ಮೊಳೆ ತೊಳೆದು, ಒಂದೊಂದನ್ನೂ ಅದರ ಖಾನೆಗೆ ವಾಪಸ್ ಹಾಕೋದು. ಬರೀ ಅದೇ. ಇದೇನು ಕೂಲಿ ಕೆಲಸ ಅಂತ ಅನ್ನಿಸ್ತಿತ್ತು. ಆಮೇಲೆ ನೋಡಿದರೆ ಕಣ್ಣು ಮುಚ್ಚಿಕೊಂಡರೂ ‘ಕ’ ಎಲ್ಲಿದೆ, ‘ಳ’ದ ಒತ್ತು ಎಲ್ಲಿದೆ ಅಂತ ಕೈಗೆ ಗೊತ್ತಾಗಿತ್ತು.

ಹುಡುಗಿ: ಅದು ನಿಜ. ಕೈಯಲ್ಲಿ ಬರೆದೂ ಬರೆದೂ, ಯಾವ ಟ್ಯಾಗ್ ಮುಚ್ಚಿಲ್ಲ ಅನ್ನೋದು ನನಗೆ ದೂರದಿಂದಲೇ ಕಾಣುತ್ತೆ. ಹಾಸ್ಟೆಲ್ಲಿನ ಹುಡುಗಿಯರು ಅದಕ್ಕೇ ನನ್ನ ಹತ್ತಿರ ಬರ್ತಾರೆ. ಆದರೆ ನೀವು ಮೊಳೆ ಖಾನೆಗೆ ಹಾಕಿದ ಮೇಲೆ ಒಂದು ದಿನ ಯಾರದೋ ಮದುವೆ ಕಾಗದ ಕಂಪೋಸ್ ಮಾಡಿದ್ರಿ, ಅಲ್ವಾ? ನಮಗೆ ಆ ದಿನ ಬರೋದೇ ಇಲ್ಲ. ರೆಕಾರ್ಡು, ಆಮೇಲೆ ವೈವಾ. ಹೊರಗಿನಿಂದ ಬಂದ ಎಕ್ಸಾಮಿನರ್ ಎಚ್‌ಟಿಎಂಎಲ್‌ನ ಪೂರ್ತಿ ಹೆಸರೇನು ಅಂತಾರೆ, ಗೆಟ್‌ಗೂ ಪೋಸ್ಟ್‌ಗೂ ವ್ಯತ್ಯಾಸ ಏನು ಅಂತಾರೆ. ಈ ಪುಟ ಯಾರು ಓದಲಿ ಅಂತ ಮಾಡಿದೆ ಅಂತ ಮಾತ್ರ ಯಾರೂ ಕೇಳಲ್ಲ.

ಮಾವ: ನೀನು ಯಾರಿಗೆ ಮಾಡಿದೆ?

ಹುಡುಗಿ: ತಾತನಿಗೆ. ಪ್ರಾಜೆಕ್ಟಿಗೆ ಉಂಡೆ ಕೊಬ್ಬರಿ ದರದ ಪುಟ ಮಾಡ್ತಿದ್ದೀನಿ. ಸರ್ಕಾರದ ಕೃಷಿ ಮಾರಾಟ ವಾಹಿನಿ ಇದೆ, ರಾಜ್ಯದ ಎಲ್ಲ ಮಾರುಕಟ್ಟೆ, ಎಲ್ಲ ಫಸಲು ಅದರಲ್ಲಿದೆ. ತಾತನಿಗೆ ಅಷ್ಟೆಲ್ಲ ಬೇಡ. ಕಾಯಿ ಅಟ್ಟದ ಮೇಲಿದೆ, ಹತ್ತು ಹನ್ನೊಂದು ತಿಂಗಳಾಗಿ ಒಳಗೇ ಒಣಗಿ ಗುಡುಗುಡು ಅಂತಿದೆ. ಸುಲಿಸೋದಾ, ಇನ್ನೊಂದು ತಿಂಗಳು ಬಿಡೋದಾ? ತಿಪಟೂರು ಎಪಿಎಂಸಿ ದರ ಒಂದು ಗೊತ್ತಾದರೆ ಸಾಕು.

ಮಾವ: ತೋರಿಸು. ಹ್ಞೂಂ. ಅಳತೆ ಎಷ್ಟು?

ಹುಡುಗಿ: ಏನಳತೆ?

ಮಾವ: ಪುಟದ್ದು ಕಣೇ. ಗಿರಾಕಿ ಬಂದರೆ ನಾನು ಕೇಳೋ ಮೊದಲ ಮಾತು ಅದೇ. ಡೆಮಿ 1/8 ಪುಸ್ತಕವಾ, ಎ4 ಕರಪತ್ರವಾ, ಗೋಡೆಗೆ ಹಚ್ಚೋ ಪೋಸ್ಟರಾ. ಅಂಚು ಗೊತ್ತಾಗದೆ ಒಂದಕ್ಷರವನ್ನೂ ಇಡೋಕಾಗಲ್ಲ.

ಹುಡುಗಿ: ಅಂಚೇ ಇಲ್ಲ ಮಾವ. ಲ್ಯಾಬಿನಲ್ಲಿ ನಮಗೆ ಹೇಳಿಕೊಡದೆ ಬಿಟ್ಟದ್ದು ಇದನ್ನೇ. ಲ್ಯಾಬಿನ ಮಾನಿಟರುಗಳೆಲ್ಲ ಒಂದೇ ಅಗಲ, ಅದಕ್ಕೆ ಸರಿಯಾಗಿ 1,000 ಪಿಕ್ಸೆಲ್ ಅಂತ ಟೇಬಲ್ ಹಾಕಿ ಒಳಗೆಲ್ಲ ತುಂಬಿಸ್ತೀವಿ. ಅದೇ ಪುಟವನ್ನು ಫೋನಿನಲ್ಲಿ ತೆರೆದರೆ ಇರುವೆ ಸಾಲು. ಫೋನು ಏನು ಮಾಡುತ್ತೆ ಗೊತ್ತಾ? ಹಳೇ ಕಾಲದ ಪುಟ ಇರಬೇಕು ಅಂದುಕೊಂಡು, ತಾನೇ 980 ಪಿಕ್ಸೆಲ್ ಅಗಲದ ಪರದೆ ಅಂತ ನಟಿಸಿ, ಬಿಡಿಸಿದ್ದನ್ನು ಕುಗ್ಗಿಸಿ ತೋರಿಸುತ್ತೆ. ನಟನೆ ಬೇಡ, ನಿನ್ನ ನಿಜವಾದ ಅಗಲ ಇಟ್ಟುಕೋ ಅಂತ ಹೇಳೋಕೆ ತಲೆಭಾಗದಲ್ಲಿ ಒಂದು ಸಾಲು ಬರೀಬೇಕು, ವ್ಯೂಪೋರ್ಟ್ ಅಂತ. ಒಂದೇ ಸಾಲು. ನಮ್ಮ ಮ್ಯಾನ್ಯುಯಲ್ಲಿನಲ್ಲಿ ಅದು ಎಲ್ಲೂ ಇಲ್ಲ.

ಮಾವ: ಹಾಗಾದರೆ ಫೋನಿಗೊಂದು, ಕಂಪ್ಯೂಟರಿಗೊಂದು ಅಂತ ಎರಡು ಮಾಡಿಬಿಡು.

ಹುಡುಗಿ: ಮೊದಲು ಹಾಗೇ ಮಾಡ್ತಿದ್ದರು. ಟ್ಯಾಬ್ಲೆಟ್ ಬಂತು, ಟಿವಿ ಬಂತು, ಎಷ್ಟು ಅಂತ ಮಾಡ್ತೀರಿ? 2010ರಲ್ಲಿ ಈಥನ್ ಮಾರ್ಕಾಟ್ ಅನ್ನೋರು ಒಂದು ಲೇಖನ ಬರೆದು, ಒಂದೇ ಪುಟ ಪರದೆಯ ಅಗಲ ನೋಡಿಕೊಂಡು ತಾನೇ ಹಿಗ್ಗಿ ಕುಗ್ಗೋ ಹಾಗೆ ಮಾಡೋ ದಾರಿ ತೋರಿಸಿದರು. ಎಲ್ಲರೂ ಹೊಸದು ಅಂದರು. ನನ್ನನ್ನು ಕೇಳಿದರೆ ಅದು ಹೊಸದಲ್ಲ. ಟಿಮ್ ಬರ್ನರ್ಸ್-ಲೀ ಜಿನೀವಾ ಹತ್ತಿರ ಸರ್ನ್ ಸಂಸ್ಥೆಯಲ್ಲಿದ್ದಾಗ 1989ರಲ್ಲಿ ಯೋಜನೆ ಬರೆದುಕೊಟ್ಟು ವೆಬ್ ಶುರು ಮಾಡಿದರಲ್ಲ, ಅವರ ಆ ಮೊಟ್ಟಮೊದಲ ತಾಣವನ್ನು ಸರ್ನ್‌ನವರು 2013ರಲ್ಲಿ ಹಳೇ ವಿಳಾಸದಲ್ಲೇ ಮತ್ತೆ ಇಟ್ಟಿದ್ದಾರೆ. ಇಗೋ, ನಿಮ್ಮ ಕಂಪ್ಯೂಟರಿನಲ್ಲೇ ತೆರೀತೀನಿ. ಬ್ರೌಸರಿನ ಕಿಟಕಿ ಅಗಲ ಮಾಡಿ. ಈಗ ಎಳೆದು ಕಿರಿದು ಮಾಡಿ.

ಮಾವ: ಸಾಲು ತಾನೇ ಮುರಿದುಕೊಳ್ತಾ ಇದೆ.

ಹುಡುಗಿ: ಆಗ ಇಷ್ಟು ಬಗೆಯ ಪರದೆಗಳೇ ಇರಲಿಲ್ಲ. ಆದರೂ ಒಂದಕ್ಷರ ಆಚೆ ಹೋಗಿಲ್ಲ. ಅಗಲ ಇಷ್ಟೇ ಅಂತ ಅವರು ಎಲ್ಲೂ ಬರೆದಿರಲಿಲ್ಲ. ಇದು ತಲೆಬರಹ, ಇದು ಪ್ಯಾರಾ, ಇದು ಕೊಂಡಿ ಅಂತ ಹೇಳಿ ಬಿಟ್ಟರು. ಮಿಕ್ಕಿದ್ದು ಓದುವವನ ಯಂತ್ರದ ಕೆಲಸ. ಅಗಲ ಹಾಕಿ ಬಿಗಿದದ್ದು ಆಮೇಲೆ ಬಂದ ನಾವು.

ಮಾವ: ನಾವು ಅಂದರೆ ನಮ್ಮ ಕಡೆಯವರು ಅನ್ನು, ಅಚ್ಚಿನವರು. ನನಗೇ ಸಿಟ್ಟು ಬರ್ತಿದೆ. ಅಕ್ಷರ ಎಲ್ಲಿ ಮುರೀಬೇಕು ಅಂತ ನಾನು ಹೇಳದಿದ್ದರೆ ನನಗೇನು ಕೆಲಸ? ಆಹ್ವಾನ ಪತ್ರಿಕೆಯಲ್ಲಿ ಹೆಣ್ಣಿನ ಹೆಸರು ಒಂದು ಸಾಲಿನಲ್ಲಿ ಅರ್ಧ, ಕೆಳಗಿನ ಸಾಲಿನಲ್ಲಿ ಅರ್ಧ ಬಂದರೆ ಬೀಗರು ಬಿಡ್ತಾರಾ?

ಹುಡುಗಿ: ನಿಮ್ಮ ಮಾತಿಗೆ ಬೆಲೆ ಇಲ್ಲ ಅಂತಲ್ಲ, ಕೊನೇ ಮಾತು ನಿಮ್ಮದಲ್ಲ ಅಂತ. ಸಿಎಸ್‌ಎಸ್ ಅಂತ ಇದೆ, ಬಣ್ಣ, ಅಳತೆ, ಜಾಗ ಎಲ್ಲ ಹೇಳೋದು ಅದರಲ್ಲಿ. ಅದನ್ನು 1994ರಲ್ಲಿ ಮುಂದಿಟ್ಟ ಹೋಕುನ್ ವಿಯಮ್ ಲೀ ಕೂಡ ಆಗ ಸರ್ನ್‌ನಲ್ಲೇ ಇದ್ದವರು. ಅವರ ಯೋಚನೆಯಲ್ಲೇ ಬರೆದವನ ಇಷ್ಟಕ್ಕೂ ಓದುವವನ ಇಷ್ಟಕ್ಕೂ ಜಾಗ ಇತ್ತು. ತಾತ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡಿದ್ದಾರೆ ನೋಡಿದ್ದೀರಾ? ಒಂದು ಪರದೆಗೆ ಆರೇ ಸಾಲು ಕಾಣುತ್ತೆ. ಅವರು ಹಾಗೆ ಮಾಡಿಕೊಂಡಾಗಲೂ ನನ್ನ ಪುಟ ಒಡೀಬಾರದು. ಕಾಲೇಜಿನಲ್ಲಿ ಇದಕ್ಕೆ ಮಾರ್ಕ್ಸ್ ಇಲ್ಲ.

ಮಾವ: ಇರಲಿ. ಈ ಗುಂಡಿ ಮೇಲೆ ‘ಸಲಿಸಿ’ ಅಂತ ಯಾಕೆ ಹಾಕಿದೆ? ಕನ್ನಡ ಮರೆತೆಯಾ?

ಹುಡುಗಿ: ‘ಸಲ್ಲಿಸಿ’ ಅಂತಲೇ ಇದೆ ಮಾವ! ಅಯ್ಯೋ, ಒತ್ತು ಕತ್ತರಿಸಿ ಹೋಗಿದೆ. ನಾನು ತೆಗೆದುಕೊಂಡ ರೆಡಿಮೇಡ್ ಟೆಂಪ್ಲೇಟ್‌ನಲ್ಲಿ ಗುಂಡಿಯ ಎತ್ತರ 28 ಪಿಕ್ಸೆಲ್, ಹೊರಗೆ ಬಂದದ್ದನ್ನು ಅಡಗಿಸು ಅಂತ ಕಟ್ಟಿದ್ದಾರೆ. ಇಂಗ್ಲಿಷಿಗೆ ಅಷ್ಟು ಸಾಕು.

ಮಾವ: ನೋಡಿದೆಯಾ. ಕನ್ನಡ ಅಂದರೆ ಕೆಳಗಡೆ ಜಾಗ ಬೇಕು. ‘ರಾಷ್ಟ್ರ’ ಬರೆದರೆ ಟ ಒತ್ತು, ಅದರ ಜೊತೆಗೆ ರ ಒತ್ತು. ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತೆ. ಮೊಳೆ ಕಾಲದಲ್ಲಿ ಸಾಲಿನ ನಡುವೆ ಸೀಸದ ಪಟ್ಟಿ ಇಡ್ತಿದ್ದೆವು. ಇಂಗ್ಲಿಷಿಗೆ ಒಂದು ಇಟ್ಟರೆ ಕನ್ನಡಕ್ಕೆ ಇನ್ನೊಂದು ಸೇರಿಸ್ತಿದ್ದೆವು, ಯಾವ ಪುಸ್ತಕವೂ ಹೇಳಿಕೊಟ್ಟಿದ್ದಲ್ಲ. ನಿನ್ನ ಸಾಲುಗಳು ಉಸಿರಾಡ್ತಾ ಇಲ್ಲ.

ಹುಡುಗಿ: ಲೈನ್ ಹೈಟ್ 1.2 ಇದೆ. 1.7 ಮಾಡ್ತೀನಿ. ಹೀಗೆ?

ಮಾವ: ಇನ್ನೊಂಚೂರು. ಸಾಕು. ಈ ಮೇಲಿನ ಪಟ್ಟಿ ಯಾಕೆ ಇಷ್ಟು ಪೇಲವ? ಮುಖಪುಟ, ದರ, ಸಂಪರ್ಕ. ಎಲ್ಲ ಒಳಗಿನ ಮ್ಯಾಟರ್ ಥರಾನೇ ಕಾಣುತ್ತೆ.

ಹುಡುಗಿ: ಟೆಂಪ್ಲೇಟ್ ಮಾಡಿದವರು ಅದಕ್ಕೆ ದೊಡ್ಡಕ್ಷರ ಮಾಡು ಅಂತ ಆಜ್ಞೆ ಕೊಟ್ಟಿದ್ದಾರೆ. ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಇಲ್ಲವಲ್ಲ, ಆಜ್ಞೆ ಸುಮ್ಮನೆ ಬಿದ್ದಿದೆ. ಓರೆ ಅಕ್ಷರದ್ದೂ ಅದೇ ಕತೆ. ಬ್ರೌಸರು ಕನ್ನಡವನ್ನು ಎಳೆದು ಬಗ್ಗಿಸುತ್ತೆ, ಕುಡಿದವನು ನಿಂತ ಹಾಗಿರುತ್ತೆ.

ಮಾವ: ದಪ್ಪ ಮಾಡು, ಇಲ್ಲ ಬಣ್ಣ ಬದಲಿಸು. ಕನ್ನಡದಲ್ಲಿ ಎತ್ತಿ ತೋರಿಸೋಕೆ ಇರೋ ದಾರಿ ಗಾತ್ರ, ದಪ್ಪ, ಬಣ್ಣ, ಸುತ್ತ ಬಿಟ್ಟ ಜಾಗ. ಕರಪತ್ರಕ್ಕೂ ಅಷ್ಟೇ. ಬಣ್ಣ ಅಂದಮೇಲೆ, ಈ ತಿಳಿ ಬೂದು ಯಾರ ಆಸೆ?

ಹುಡುಗಿ: ಈಗಿನ ಫ್ಯಾಷನ್. ಆದರೆ ಅದಕ್ಕೊಂದು ಲೆಕ್ಕ ಇದೆ. ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ಅನುಪಾತ ಕನಿಷ್ಠ 4.5ಕ್ಕೆ 1 ಇರಬೇಕು ಅಂತ ವೆಬ್ ಒಕ್ಕೂಟದ ಸುಲಭ ಬಳಕೆಯ ನಿಯಮ, 2008ರಿಂದ ಇದೆ. ಇದು ಮೂರೂ ಇಲ್ಲ. ಎಫ್12 ಒತ್ತಿದರೆ ಬ್ರೌಸರೇ ಹೇಳುತ್ತೆ.

ಮಾವ: ಮಾರುಕಟ್ಟೆ ಅಂಗಳದಲ್ಲಿ ಹನ್ನೆರಡು ಗಂಟೆ ಬಿಸಿಲಲ್ಲಿ ಫೋನು ಹಿಡಿದವನಿಗೆ ನಿಯಮ ಓದೋದೂ ಬೇಡ, ಅವನಿಗೇ ಗೊತ್ತಾಗುತ್ತೆ. ಕಪ್ಪು ಹಾಕು. ನನ್ನ ಕಷ್ಟ ಇದರ ತಿರುಗು ಮುರುಗು. ಗಿರಾಕಿ ಫೋನಿನಲ್ಲಿ ಹೊಳೆಯೋ ಹಸಿರು ತೋರಿಸಿ ಇದೇ ಬೇಕು ಅಂತಾನೆ. ಫೋನಿನದು ಬೆಳಕು, ನನ್ನದು ಶಾಯಿ. ನಾಲ್ಕು ಬಣ್ಣ ಬೆರೆಸಿ ಆ ಹೊಳಪು ಎಲ್ಲಿಂದ ತರಲಿ?... ಅಂದ ಹಾಗೆ, ಹಳೇ ದರಗಳು ಸಿಕ್ಕಿದುವಾ? ನಾನು ಕೊಟ್ಟ ಫೈಲು?

ಹುಡುಗಿ: ಸಿಕ್ಕಿತು. ಅದನ್ನು ಪುಟಕ್ಕೆ ಅಂಟಿಸಿದರೆ ಬರೀ ಇಂಗ್ಲಿಷ್ ಅಕ್ಷರ, ತಲೆ ಮೇಲೆ ಗೆರೆ ಹೊತ್ತ ‘ಎ’ಗಳು, ಪೌಂಡ್ ಚಿಹ್ನೆಗಳು. ನಿಮ್ಮ ನುಡಿ ಫಾಂಟು ಕನ್ನಡದ ವೇಷ ಹಾಕಿದ ಇಂಗ್ಲಿಷು ಮಾವ. ಒಳಗೆ ಇರೋದು ಇಂಗ್ಲಿಷಿನ ಸಂಕೇತ, ಫಾಂಟು ಮಾತ್ರ ಅದರ ಜಾಗದಲ್ಲಿ ಕನ್ನಡದ ಚೂರು ಬಿಡಿಸುತ್ತೆ. ಫಾಂಟ್ ಇಲ್ಲದ ಕಡೆ ವೇಷ ಕಳಚಿಬೀಳುತ್ತೆ.

ಮಾವ: ವೇಷ ಗೀಷ ಅನ್ನಬೇಡ. ಕನ್ನಡ ಗಣಕ ಪರಿಷತ್ತಿನವರ ನುಡಿ, ಶೇಷಾದ್ರಿವಾಸು ಅವರ ಬರಹ – ಇವೆರಡು ಇಲ್ಲದಿದ್ದರೆ ನಮ್ಮಂಥ ಪ್ರೆಸ್ಸುಗಳು ಕಂಪ್ಯೂಟರ್ ಮುಟ್ತಾನೇ ಇರಲಿಲ್ಲ. ಪೇಜ್‌ಮೇಕರಿಗೆ ಯೂನಿಕೋಡ್ ಬರ್ತಿರಲಿಲ್ಲ. ಕಾಗದದ ಮೇಲೆ ಸರಿ ಬಂದರೆ ನಮಗೆ ಮುಗೀತು.

ಹುಡುಗಿ: ಕಾಗದಕ್ಕೆ ಮುಗೀತು. ಆದರೆ ಹಾಗೆ ಬರೆದದ್ದನ್ನು ಹುಡುಕೋಕಾಗಲ್ಲ. ಯಾರಾದರೂ ಯೂನಿಕೋಡಿನಲ್ಲಿ ‘ಕೊಬ್ಬರಿ’ ಅಂತ ಹುಡುಕಿದರೆ ನಿಮ್ಮ ಫೈಲಿನ ಕೊಬ್ಬರಿ ಸಿಗಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ ಅದರದೇ ಸಂಕೇತಗಳಿವೆ. ‘ಕೊಬ್ಬರಿ’ಯಲ್ಲಿ ಎಷ್ಟು ಅಕ್ಷರ?

ಮಾವ: ಮೂರು.

ಹುಡುಗಿ: ಜಾವಾಸ್ಕ್ರಿಪ್ಟ್ ಕೇಳಿದರೆ ಏಳು ಅನ್ನುತ್ತೆ. ಕ, ಒ ಸ್ವರದ ಚಿಹ್ನೆ, ಬ, ವಿರಾಮ, ಇನ್ನೊಂದು ಬ, ರ, ಗುಡಿಸು. ಒಂದೊಂದಕ್ಕೂ ಮೂರು ಬೈಟ್, ಒಟ್ಟು 21. ಒತ್ತು ಅನ್ನೋದು ಒಳಗೆ ಇಲ್ಲವೇ ಇಲ್ಲ, ಪರದೆ ಮೇಲೆ ಬರೆಯುವಾಗ ಮಾತ್ರ ಹುಟ್ಟುತ್ತೆ.

ಮಾವ: ಅರ್ಕಾವತ್ತು?

ಹುಡುಗಿ: ಅಲ್ಲೇ ಪೆಟ್ಟು ಬಿತ್ತು. ನುಡಿಯಲ್ಲಿ ಅದು ಅಕ್ಷರದ ನಂತರ.

ಮಾವ: ಮೊಳೆಯಲ್ಲೂ ನಂತರವೇ. ಕಣ್ಣಿಗೆ ಕಾಣೋದೂ ನಂತರವೇ.

ಹುಡುಗಿ: ಯೂನಿಕೋಡಿನಲ್ಲಿ ಬಾಯಲ್ಲಿ ಹೇಳೋ ಕ್ರಮ. ರ ಮೊದಲು, ಆಮೇಲೆ ಕ. ಪರಿವರ್ತಕಕ್ಕೆ ಹಾಕಿದಾಗ ಅರ್ಕಾವತ್ತು ಇದ್ದ ಕೆಲವು ಪದ ಕೆಟ್ಟು ಬಂದಿವೆ. ಕರಡು ತಿದ್ದಿಕೊಡಬೇಕು ನೀವು.

ಮಾವ: ಪ್ರಿಂಟ್ ತೆಗೆದುಕೊಡು. ಪರದೆ ಮೇಲೆ ನನಗೆ ತಪ್ಪು ಕಾಣಲ್ಲ.

ಹುಡುಗಿ: ಕೊಡ್ತೀನಿ. ನಮ್ಮ ಕ್ಲಾಸಿನಲ್ಲಿ ಇಷ್ಟು ತಲೆ ಕೆಡಿಸಿಕೊಳ್ಳೋರು ಕಮ್ಮಿ ಮಾವ. ಪ್ರಾಜೆಕ್ಟ್ ಸೆಂಟರಿನಲ್ಲಿ ದುಡ್ಡು ಕೊಟ್ಟರೆ ಪೆನ್‌ಡ್ರೈವ್‌ನಲ್ಲಿ ರೆಡಿ ಕೊಡ್ತಾರೆ. ಹಾಸ್ಟೆಲ್ ಮ್ಯಾನೇಜ್‌ಮೆಂಟ್ ಸಿಸ್ಟಮ್, ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್. ಪ್ರತಿ ವರ್ಷ ಅದೇ ಹಾಸ್ಟೆಲ್ಲು, ಅದೇ ಲೈಬ್ರರಿ. ಲೋಕಲ್‌ಹೋಸ್ಟ್‌ನಲ್ಲಿ ಓಡುತ್ತೆ, ವೈವಾ ಮುಗಿದ ದಿನ ಅಳಿಸಿಹೋಗುತ್ತೆ. ಹೊರಗಿನ ಒಬ್ಬನೂ ಅದನ್ನು ತೆರೆದಿರಲ್ಲ.

ಮಾವ: ಈಗ ಎಐ ಬಂದಿದೆಯಲ್ಲ, ಅದೇ ಮಾಡಿಕೊಡುತ್ತಂತೆ.

ಹುಡುಗಿ: ಮಾಡುತ್ತೆ. ನಾನೂ ಕೇಳಿದೆ, ಕಾಫಿ ಆರೋದರೊಳಗೆ ಇಡೀ ಪುಟ ಬಂತು. ನನಗಿಂತ ಚೊಕ್ಕವಾಗಿ ಬರೆದಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ದರದ ಕಾಲಮ್ಮಿಗೆ ನಮೂನೆಗೆ ಅಂತ ತಾನೇ ಅಂಕಿ ತುಂಬಿಸಿತ್ತು. ಕ್ವಿಂಟಾಲಿಗೆ ಇಷ್ಟು ಸಾವಿರ ಅಂತ, ನೋಡಿದರೆ ನಂಬೋ ಹಾಗಿತ್ತು.

ಮಾವ: ಡಮ್ಮಿ ಮ್ಯಾಟರ್! ಅದರಷ್ಟು ಅಪಾಯ ಯಾವುದೂ ಇಲ್ಲ. ಬಿಲ್ ಬುಕ್ಕಿಗೆ ನಮೂನೆ ಹೆಸರು ಹಾಕಿ ಪ್ರೂಫ್ ಕಳಿಸಿದರೆ, ಗಿರಾಕಿ ಡಿಸೈನ್ ನೋಡಿ ಓಕೆ ಅಂತಾನೆ, ಹೆಸರು ಓದಲ್ಲ. ಅದಕ್ಕೇ ನಾನು ನಮೂನೆಗೆ ಯಾವಾಗಲೂ ಅಡ್ಡಗೆರೆ ಹಾಕೋದು. ಖಾಲಿ ಇದ್ದರೆ ಖಾಲಿ ಅಂತ ಕಾಣಬೇಕು.

ಹುಡುಗಿ: ನಾನೂ ಗೆರೆ ಹಾಕಿದೆ. ಮತ್ತೆ, ಇದು ಲೋಕಲ್‌ಹೋಸ್ಟ್‌ನಲ್ಲಿ ಕೂರಲ್ಲ. ಗಿಟ್‌ಹಬ್‌ನಲ್ಲಿ ಇಂಥ ಪುಟಗಳನ್ನು ಬಿಟ್ಟಿಯಾಗಿ ಇಡಬಹುದು. ಆಗಲೇ ಹಾಕಿ ತಾತನಿಗೆ ವಾಟ್ಸಾಪ್ ಮಾಡಿದ್ದೀನಿ.

ಮಾವ: ನೋಡಿದರಾ?

ಹುಡುಗಿ: ಫೋನ್ ಮಾಡಿ ಬೈದರು. ಮೇಲೆ ತೆಂಗಿನ ತೋಟದ ಫೋಟೋ ಹಾಕಿದ್ದೆ, ಕ್ಯಾಮೆರಾದಿಂದ ಬಂದ ಹಾಗೇ, 4 ಎಂಬಿ. ತೋಟದ ಹತ್ತಿರ ಸಿಗ್ನಲ್ಲು ಒಂದು ಕಡ್ಡಿ. ತೋಟ ನಾನು ದಿನಾ ನೋಡ್ತೀನಿ, ದರ ಎಲ್ಲಿ ಅಂದರು.

ಮಾವ: ಅದು ಸರಿಯಾದ ವೈವಾ! ಫೋಟೋ ತೆಗೆ. ದರ ಮೇಲೆ ಬರಲಿ. ಕರಪತ್ರ ಬರೆಸೋಕೆ ಬಂದವರೂ ಹೀಗೇ, ಮೊದಲು ಅಧ್ಯಕ್ಷರ ಫೋಟೋ, ಆಮೇಲೆ ಕಾರ್ಯದರ್ಶಿ ಫೋಟೋ, ಜಾತ್ರೆ ಯಾವತ್ತು ಅನ್ನೋದು ಕೊನೇ ಸಾಲಿನಲ್ಲಿ. ನಾನು ಒಂದಿಬ್ಬರ ಹತ್ತಿರ ಜಗಳ ಆಡಿ ತಾರೀಖನ್ನು ಮೇಲೆ ತಂದಿದ್ದೀನಿ. ನಿನ್ನದರಲ್ಲಿ ತಾರೀಖೇ ಇಲ್ಲವಲ್ಲ? ‘ಇಂದಿನ ದರ’ ಅಂತ ಅಷ್ಟೇ ಇದೆ.

ಹುಡುಗಿ: ದಿನಾ ಬದಲಿಸ್ತೀನಿ ಅಂತ...

ಮಾವ: ಹರಾಜು ದಿನಾ ಇರಲ್ಲ ಕಣಮ್ಮ. ಹರಾಜಿಲ್ಲದ ದಿನ ನೋಡಿದವನಿಗೆ ಹಳೇ ದರವೇ ಇಂದಿನದು ಅಂತ ಆಗುತ್ತೆ. ಅದನ್ನು ನಂಬಿ ಗಾಡಿ ಕಟ್ಟಿಸಿದರೆ? ತಾರೀಖು ದರದ ಪಕ್ಕದಲ್ಲೇ, ಅಷ್ಟೇ ದಪ್ಪ ಇರಲಿ. ಮತ್ತೆ ಒಂದೇ ದರ ಹಾಕಿದ್ದೀಯ. ಕನಿಷ್ಠ, ಗರಿಷ್ಠ, ಮಾದರಿ ಅಂತ ಮೂರು ಇರುತ್ತೆ. ಗರಿಷ್ಠ ಒಂದೇ ಹಾಕಿದರೆ ಎಲ್ಲರೂ ತಮ್ಮ ಕೊಬ್ಬರಿಗೂ ಅದೇ ಸಿಗುತ್ತೆ ಅಂದುಕೊಳ್ತಾರೆ. ಆವಕ ಎಷ್ಟು ಅಂತಲೂ ಬೇಕು.

ಹುಡುಗಿ: ತಾರೀಖು, ಮೂರು ದರ, ಆವಕ. ಐದು ಕಾಲಮ್! ಫೋನಿನ ಅಗಲಕ್ಕೆ ಹಿಡಿಯಲ್ಲ ಮಾವ.

ಮಾವ: ಅಂಚಿಲ್ಲ ಅಂದೆ?

ಹುಡುಗಿ: ಅಂಚಿಲ್ಲ, ಅಗಲ ಇದೆ! ತಡೀರಿ. ಫೋನಿನಲ್ಲಿ ಟೇಬಲ್ ಬೇಡ. ಮೇಲೆ ತಾರೀಖು, ಅದರ ಕೆಳಗೆ ಮಾದರಿ ದರ ದೊಡ್ಡದಾಗಿ. ಅದರ ಕೆಳಗೆ ಕನಿಷ್ಠ, ಗರಿಷ್ಠ ಸ್ವಲ್ಪ ಸಣ್ಣದಾಗಿ ಒಂದೇ ಸಾಲು. ಆವಕ ಕೊನೆಗೆ. ಅಗಲ ಇರೋ ಕಂಪ್ಯೂಟರಿನಲ್ಲಿ ಅದೇ ಐದು ಕಾಲಮ್ ಆಗಿ ಹರಡಿಕೊಳ್ಳಲಿ.

ಮಾವ: ಜುಲೈನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋದರೆ ದರ ಯಾರು ಹಾಕ್ತಾರೆ?

ಹುಡುಗಿ: ನೀವು.

ಮಾವ: ನಾನಾ? ಆ ಬಾಣದ ಗುರುತಿನ ಮಧ್ಯೆ ಬರೆಯೋದೆಲ್ಲ ನನ್ನಿಂದ ಆಗಲ್ಲ.

ಹುಡುಗಿ: ಟ್ಯಾಗ್ ಮುಟ್ಟೋದು ಬೇಡ. ಗೂಗಲ್ ಶೀಟ್ ಒಂದು ಮಾಡಿಟ್ಟಿರ್ತೀನಿ, ಬಿಲ್ ಲೆಕ್ಕ ಬರೀತೀರಲ್ಲ, ಹಾಗೇ ಒಂದು ಸಾಲು ತುಂಬಿಸಿದರೆ ಪುಟ ಅಲ್ಲಿಂದ ಎತ್ತಿಕೊಳ್ಳುತ್ತೆ.

ಮಾವ: ಕನ್ನಡ ಅಂಕಿಯಲ್ಲೋ, ಇಂಗ್ಲಿಷ್ ಅಂಕಿಯಲ್ಲೋ?

ಹುಡುಗಿ: ತಾತ ಯಾವುದು ಓದ್ತಾರೆ?

ಮಾವ: ಕ್ಯಾಲೆಂಡರು ಕನ್ನಡದ್ದೇ ಬೇಕು. ಆದರೆ ಮಂಡಿಯವರು ಕೊಡೋ ಚೀಟಿಯಲ್ಲಿ ಇರೋದು ಇಂಗ್ಲಿಷ್ ಅಂಕಿ. ದರಕ್ಕೆ ಅದನ್ನೇ ಹಾಕು. ಚೀಟಿಯನ್ನೂ ಫೋನನ್ನೂ ಪಕ್ಕಪಕ್ಕ ಹಿಡಿದು ತಾಳೆ ನೋಡದೆ ಅಪ್ಪ ಬಿಡಲ್ಲ.